ಹಾಡಿದವಳ ಹೆಸರು

ಕಾಲೇಜಿನಲ್ಲಿ ಪಾಠ ಹೇಳಲು ಸೇರುವ ಮೊದಲು ನಾನು ಎರಡು ವರ್ಷ ಪತ್ರಿಕೆಯೊಂದರಲ್ಲಿ ವರದಿಗಾರ್ತಿಯಾಗಿದ್ದೆ. ಸಂಗೀತದಲ್ಲಿ ಹೆಸರಾದ ಹೆಂಗಸರ ಬಗ್ಗೆ ಮಾಲಿಕೆ ಬರೆಯುವುದು ನನ್ನ ಕೆಲಸ. ಸವದತ್ತಿ ಸೀಮೆಯ ಚೌಡಕಿ ಪದದ ಅಜ್ಜಿಯೊಬ್ಬರ ಬಗ್ಗೆ ಬರೆದುಕೊಟ್ಟೆ. 'ಇದು ಸಂಗೀತದ ಪುಟಕ್ಕೆ ಆಗೋದಿಲ್ಲಮ್ಮ, ಜಾನಪದಕ್ಕೆ ಹಾಕೋಣ' ಅಂದರು. ನಾನು ಬರೆದಿದ್ದ 'ಗಾಯಕಿ' ಎಂಬ ಪದ ಹೊಡೆದು 'ಜೋಗತಿ' ಎಂದು ತಿದ್ದಿದರು. ಹೆಣ್ಣಿನ ಹಾಡು ಯಾವ ಪುಟಕ್ಕೆ ಸೇರಬೇಕೆಂಬುದನ್ನು ಕಿವಿಗಿಂತ ಮೊದಲು ಜಾತಿ ತೀರ್ಮಾನಿಸುತ್ತದೆ ಎಂಬುದು ಅವತ್ತು ನನಗೆ ತಿಳಿಯಿತು.

ಇದು ಇವತ್ತಿನ ರೋಗವಲ್ಲ. 18ನೇ ಶತಮಾನದಲ್ಲಿ ತಂಜಾವೂರಿನ ಆಸ್ಥಾನದಲ್ಲಿದ್ದ ಗಣಿಕೆ ಮುದ್ದುಪಳನಿ ತೆಲುಗಿನಲ್ಲಿ 'ರಾಧಿಕಾ ಸಾಂತ್ವನಮು' ಬರೆದಳು. ಅದು 1887ರಲ್ಲಿ ಅಚ್ಚಾದಾಗ ಪೀಠಿಕಾ ಭಾಗವೇ ಇರಲಿಲ್ಲ. ಆ ಕವಯಿತ್ರಿ ತನ್ನ ಮನೆತನದ ಹೆಂಗಸರನ್ನು ನೆನೆದದ್ದು ಅದೇ ಭಾಗದಲ್ಲಿ! ಅದನ್ನು ಹುಡುಕಿ ತೆಗೆದು 1910ರಲ್ಲಿ ಪೂರ್ಣ ಪಾಠವನ್ನು ಅಚ್ಚು ಹಾಕಿಸಿದವರು ನಮ್ಮ ನಂಜನಗೂಡಿನಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮ. ಅವರೂ ದೇವದಾಸಿ ಮನೆತನದವರೇ. ಸಮಾಜ ಸುಧಾರಕರೆಂದು ಹೆಸರಾದ ವೀರೇಶಲಿಂಗಂ ಪಂತುಲು ಅವರಿಗೇ ಈ ಕಾವ್ಯ ಅಶ್ಲೀಲವಾಗಿ ಕಂಡಿತ್ತು. ನಾಚಿಕೆ ಎನ್ನುವುದು ಹೆಂಗಸಿಗೆ ಮಾತ್ರವೇ ಎಂದು ನಾಗರತ್ನಮ್ಮ ತಿರುಗಿ ಕೇಳಿದರು. ಸರ್ಕಾರ ಪುಸ್ತಕವನ್ನು ನಿಷೇಧಿಸಿತು. ಮುಂದೆ ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಲು ಇದೇ ನಾಗರತ್ನಮ್ಮ ತಮ್ಮ ಹಣ ಸುರಿದರು. ಅಲ್ಲಿನ ಆರಾಧನೆಯಲ್ಲಿ ಹೆಂಗಸರಿಗೆ ಹಾಡಲು ಅವಕಾಶವಿರಲಿಲ್ಲ. 1927ರಲ್ಲಿ ಅವರು ಹೆಂಗಸರದೇ ಪ್ರತ್ಯೇಕ ಆರಾಧನೆ ನಡೆಸಿದರು. ಹಣ ಆಗುತ್ತದೆ, ದನಿ ಆಗುವುದಿಲ್ಲ ಎಂಬ ನ್ಯಾಯ ಎಂಥದು?

ಧಾರವಾಡದ ಗಂಗೂಬಾಯಿ ಹಾನಗಲ್ ಅವರ ಬದುಕನ್ನು ನೋಡಿ. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತ ಬಲ್ಲವರು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಹಾಡಲು ಹೋದ ಹುಡುಗಿಗೆ ಇದ್ದ ಅಂಜಿಕೆ ರಾಗದ್ದಲ್ಲ. ಉಂಡ ಜಾಗವನ್ನು ಬಳಿಯಲು ತನಗೆ ಹೇಳಿಬಿಟ್ಟಾರೆಂಬ ಅಂಜಿಕೆ. ಮೊದಲ ಧ್ವನಿಮುದ್ರಿಕೆಗಳ ಮೇಲೆ ಕಂಪನಿ ಅವರನ್ನು 'ಗಾಂಧಾರಿ' ಎಂದು ಕರೆಯಿತು. ಗಂಡಸು ಹಾಡಿದರೆ ಉಸ್ತಾದ್, ಪಂಡಿತ್. ಹೆಂಗಸು ಎಷ್ಟು ಹಾಡಿದರೂ ಬಾಯಿ ಬಾಯಿಯೇ! ಈ ತಾರತಮ್ಯವನ್ನು ಅವರೇ ಎತ್ತಿ ಆಡಿದ್ದರು. 2002ರಲ್ಲಿ ಪದ್ಮವಿಭೂಷಣ ಬಂದಿತು. ಆಗ ಹೊಗಳಿದವರು ಆ ಅಂಜಿಕೆಯನ್ನು ದಾಟಿ ಬಂದ ಕತೆಯನ್ನಷ್ಟೇ ಹೇಳಿದರು. ಅಂಜಿಸಿದವರು ಯಾರು ಅಂತ ಕೇಳಲಿಲ್ಲ.

ಇನ್ನು ದರೋಜಿ ಈರಮ್ಮ. ಅಲೆಮಾರಿ ಬುಡ್ಗಜಂಗಮರ ಹೆಣ್ಣುಮಗಳು. ಅಕ್ಷರ ಬಾರದು. ನಾಲಿಗೆಯ ಮೇಲೆ ಸುಮಾರು 2 ಲಕ್ಷ ಸಾಲುಗಳ ಕಾವ್ಯ. ಹಂಪಿ ಕನ್ನಡ ವಿಶ್ವವಿದ್ಯಾಲಯ 2003ರಲ್ಲಿ ನಾಡೋಜ ಗೌರವ ಕೊಟ್ಟಿತು. 2014ರಲ್ಲಿ ತೀರಿಕೊಂಡರು. ಅವರ ನೆನಪಿನ ಶಕ್ತಿಯ ಬಗ್ಗೆ ಎಲ್ಲರೂ ಬರೆದರು. ಅವರ ಲಯದ ಬಗ್ಗೆ, ಕತೆಯನ್ನು ನಿಲ್ಲಿಸಿ ಎತ್ತುವ ಜಾಣತನದ ಬಗ್ಗೆ ಬರೆದವರು ಎಷ್ಟು ಜನ? ಮೇಲ್ಜಾತಿಯವರು ಕಲಿತದ್ದು ವಿದ್ವತ್ತು, ನಮ್ಮವರು ಕಲಿತದ್ದು ನೆನಪು ಎಂಬ ಲೆಕ್ಕ ಇದು.

ನಮ್ಮ ದಲಿತ ವಿಮರ್ಶೆಯೂ ಇದರಿಂದ ಪಾರಾಗಿಲ್ಲ. ಮುತ್ತು ಕಟ್ಟುವ ಪದ್ಧತಿಯನ್ನು ಚಳವಳಿ ವಿರೋಧಿಸಿದ್ದು ಸರಿ. 1982ರ ಕಾಯ್ದೆ ಬಂದದ್ದೂ ಸರಿ. ಆ ಪದ್ಧತಿ ನಮ್ಮ ಕೇರಿಯ ಹೆಣ್ಣುಮಕ್ಕಳ ಮೈಯನ್ನೇ ತಿಂದಿದೆ. ಆದರೆ ಪದ್ಧತಿಯನ್ನು ಎಸೆಯುವ ಭರದಲ್ಲಿ ಅವರ ಚೌಡಕಿಯನ್ನೂ ಮೂಢನಂಬಿಕೆಯ ಗಂಟಿಗೆ ಕಟ್ಟಿ ಎಸೆದೆವು. ಗಂಡಸರ ಹಲಗೆ ಹೋರಾಟದ ವಾದ್ಯವಾಯಿತು. ಹೆಂಗಸರ ಚೌಡಕಿ ಕಳಂಕವಾಗಿಯೇ ಉಳಿಯಿತು.

ಸ್ತ್ರೀವಾದಿ ಪತ್ರಕರ್ತೆಯ ನಿಜವಾದ ಇಕ್ಕಟ್ಟು ಎದುರಾಗುವುದು ಇಲ್ಲಿಯೇ. ಅಳಿಸಿಹೋದ ಹೆಸರನ್ನು ಮತ್ತೆ ಬರೆಯುವುದು ನಮ್ಮ ಕೆಲಸ ಎಂದು ನಾನು ನಂಬಿದ್ದೆ. ಆದರೆ ಬರವಣಿಗೆ ಅಚ್ಚಿಗೆ ಹೋಗುವ ಮೊದಲು ಆ ಅಜ್ಜಿ ನನ್ನ ಕೈ ಹಿಡಿದು ಹೇಳಿದ್ದು ಇಷ್ಟು: 'ಯವ್ವಾ, ನನ್ನ ಹಾಡ ಬರಿ. ಹೆಸರ ಬರೀಬ್ಯಾಡ. ಮೊಮ್ಮಗಳು ಕಾಲೇಜಿಗೆ ಹೊಂಟಾಳ.' ಬರೆದರೆ ಆ ಹುಡುಗಿಯ ಹಣೆಗೆ ಹಳೆಯ ಪಟ್ಟಿ ಅಂಟಿಸಿದಂತೆ. ಬರೆಯದಿದ್ದರೆ 1887ರಲ್ಲಿ ಆದದ್ದನ್ನು ನಾನೇ ಮತ್ತೊಮ್ಮೆ ಮಾಡಿದಂತೆ. ಕೊನೆಗೆ ಹೆಸರು ಬಿಟ್ಟೆ. ಡೆಸ್ಕಿನವರು ತಿದ್ದಿದ ಆ 'ಜೋಗತಿ' ಪದಕ್ಕೆ ಒಪ್ಪದೆ ಬರವಣಿಗೆಯನ್ನೇ ವಾಪಸ್ಸು ತಗೊಂಡೆ.

ಎರಡೂ ಒಂದೇ ಅಲ್ಲ ಅಂತ ಈಗ ಅನ್ನಿಸುತ್ತದೆ. ಮುದ್ದುಪಳನಿಯ ವಂಶವನ್ನು ಬಿಟ್ಟವರು ಅವಳನ್ನು ಕೇಳಲಿಲ್ಲ. ಅಜ್ಜಿ ತಾನೇ ಬೇಡ ಅಂದಳು. ತನ್ನ ಹೆಸರು ಎಲ್ಲಿರಬೇಕು, ಎಲ್ಲಿರಬಾರದು ಎನ್ನುವ ಹಕ್ಕು ಹಾಡಿದವಳದು. ಆದರೆ ಹೆಸರು ಹೇಳಲು ಅವಳು ಹೆದರಬೇಕಾದ ಊರು ನಮ್ಮದು. ಆ ಹೆದರಿಕೆ ಹೋಗುವಂತೆ ಮಾಡುವುದು ನಮ್ಮೆಲ್ಲರ ಕೆಲಸ. ಅಲ್ಲಿಯವರೆಗೆ ಆ ಪದಗಳು ನನ್ನ ನೋಟುಬುಕ್ಕಿನಲ್ಲಿವೆ. ಮೇಲೆ ಹೆಸರಿನ ಜಾಗ ಖಾಲಿ ಬಿಟ್ಟಿದ್ದೇನೆ. ಮೊಮ್ಮಗಳು ಬಂದು ಬರೆಯಲಿ.