ಓಡುವ ಮನೆಯಲ್ಲಿ ಬಟ್ಟೆ ಒಗೆತ

ಪ್ರವಾಸ ಕಥನಗಳನ್ನು ಓದುವ ಹವ್ಯಾಸವುಳ್ಳವರ ಕಣ್ಣಿಗೆ ಒಂದು ಸಂಗತಿ ಬಿದ್ದಿರಬೇಕು. ಲೇಖಕ ಬೆಟ್ಟ ಹತ್ತುತ್ತಾನೆ, ನದಿ ದಾಟುತ್ತಾನೆ, ಪರಸ್ಥಳದ ಊಟವನ್ನು ಹೊಗಳುತ್ತಾನೆ, ಇಲ್ಲವೆ ತೆಗಳುತ್ತಾನೆ. ಆರು ತಿಂಗಳ ದಾರಿಯಲ್ಲಿ ಅವನ ಅಂಗಿಯನ್ನು ಒಗೆದವರು ಯಾರು ಎಂಬುದನ್ನು ಮಾತ್ರ ಹೇಳುವುದಿಲ್ಲ. ವಿಷಯ ತೀರ ಕ್ಷುದ್ರವೆಂದು ಬಿಟ್ಟಿರಬಹುದು. ಆ ಕೆಲಸವನ್ನು ಇನ್ನಾರೋ ಮಾಡಿದ್ದರಿಂದ ನೆನಪಿಗೇ ಬರದಿದ್ದಿರಲೂಬಹುದು. ಎರಡನೆಯದೇ ಹೆಚ್ಚು ನಿಜವೆಂದು ನನ್ನ ಅನುಮಾನ.

ಮನೆಯನ್ನೇ ಗಾಲಿಯ ಮೇಲೇರಿಸಿಕೊಂಡು ಹೊರಡುವವರಿಗೆ ಮಾತ್ರ ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳುವ ಉಪಾಯವಿಲ್ಲ. ಅಮೆರಿಕದಲ್ಲಿ ಇಂಥ ಜನ ಬಹಳ. ಮಂಚ, ಒಲೆ, ಬಚ್ಚಲು ಎಲ್ಲವನ್ನೂ ಒಂದು ಮೋಟಾರಿನೊಳಗೆ ಅಡಕಿ, ತಿಂಗಳುಗಟ್ಟಲೆ ದೇಶ ಸುತ್ತುತ್ತಾರೆ. ಅಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಇಂಥ ಒಂದು ಮೋಟಾರು ಮನೆಯನ್ನು ಕೊಂಡು ನನಗೆ ಬರೆದಿದ್ದ: “ಮೇಷ್ಟ್ರೇ, ಒಂದು ಬೀರುವಿನಷ್ಟು ಜಾಗ ಉಳಿದಿದೆ. ಅಲ್ಲಿ ಬಟ್ಟೆ ಒಗೆಯುವ ಯಂತ್ರ ಇಡಬೇಕೆಂದು ಇವಳು. ಬಕೆಟ್ಟು ಸಾಕೆಂದು ನಾನು. ನೀವೇ ಪಂಚಾಯಿತಿ ಮಾಡಿ.” ಪಂಪ ರನ್ನರನ್ನು ಪಾಠ ಹೇಳಿದವನಿಗೆ ಇಂಥ ವ್ಯಾಜ್ಯ! ಆದರೂ ಪುಸ್ತಕ ಬಲ್ಲವನಿಗೆ ಪುಸ್ತಕವೇ ಗತಿ. ಆ ದೇಶದ ಚರಿತ್ರೆಯನ್ನು ಸ್ವಲ್ಪ ಕೆದಕಿದೆ. ಈ ಜಗಳ ಅಲ್ಲಿ ಹೊಸದೇನಲ್ಲ.

1836ರಲ್ಲಿ ನಾರ್ಸಿಸಾ ವಿಟ್‌ಮನ್ ಎಂಬ ಹೆಣ್ಣುಮಗಳು ಪಾದ್ರಿಗಳ ತಂಡವೊಂದರಲ್ಲಿ ಗಂಡನೊಡನೆ ಪೂರ್ವದಿಂದ ಪಶ್ಚಿಮಕ್ಕೆ ಹೊರಟಳು. ಆಕೆ ಮತ್ತು ಜೊತೆಗಿದ್ದ ಎಲೈಜಾ ಸ್ಪಾಲ್ಡಿಂಗ್, ಇವರಿಬ್ಬರು ರಾಕಿ ಪರ್ವತಗಳನ್ನು ದಾಟಿದ ಮೊದಲ ಬಿಳಿಯ ಹೆಂಗಸರೆಂದು ಚರಿತ್ರೆಯ ಪುಸ್ತಕಗಳು ಬರೆಯುತ್ತವೆ. ನನಗೆ ಬೇಕಾದದ್ದು ಅದಲ್ಲ. ಆಗಸ್ಟ್ ತಿಂಗಳಲ್ಲಿ, ಸ್ನೇಕ್ ನದಿಯ ಬಳಿ ಬಾಯ್ಸಿ ಕೋಟೆಯಲ್ಲಿ ಬಿಡಾರ ಮಾಡಿದಾಗ, ಆಕೆ ತನ್ನ ದಿನಚರಿಯಲ್ಲಿ ಬಟ್ಟೆ ಒಗೆದ ವಿಷಯ ಬರೆಯುತ್ತಾಳೆ. ರಾತ್ರಿ ಬಟ್ಟೆ ನೆನೆಹಾಕಿ, ಬೆಳಗಿನ ತಿಂಡಿಗೆ ಮೊದಲೇ ಒಗೆದು ಮುಗಿಸಿದಳಂತೆ. ನಡುಹಗಲಿನ ಬಿಸಿಲಿಗೆ ಮರೆ ಇಲ್ಲದ ಬಯಲು ಅದು. ಮನೆ ಬಿಟ್ಟಮೇಲೆ ತಾನು ಬಟ್ಟೆ ಒಗೆದದ್ದು ಅದು ಮೂರನೆಯ ಸಲವೆಂದೂ ಲೆಕ್ಕ ಹೇಳುತ್ತಾಳೆ. ಮನೆ ಬಿಟ್ಟದ್ದು ವಸಂತಕ್ಕೂ ಮೊದಲು! ಹಿಂದಿನ ಎರಡು ಸಲವೂ ತಂಡ ಒಂದೆಡೆ ಬೀಡುಬಿಟ್ಟಾಗಲೇ: ಒಮ್ಮೆ ವಿಲಿಯಂ ಕೋಟೆಯಲ್ಲಿ, ಇನ್ನೊಮ್ಮೆ ತುಪ್ಪಳದ ವ್ಯಾಪಾರಿಗಳು ಸೇರುವ ವಾರ್ಷಿಕ ಸಂತೆಯಲ್ಲಿ. ಗಾಡಿ ಓಡುತ್ತಿರುವಾಗ ಒಗೆತವಿಲ್ಲ, ನಿಂತಾಗ ಮಾತ್ರ. ತಂಡದ ಗಾಡಿಯೂ, ಎರಡು ಗಾಲಿಗೆ ಇಳಿದು, ಕಡೆಗೆ ಆ ಬಾಯ್ಸಿ ಕೋಟೆಯಲ್ಲೇ ಉಳಿಯಿತು. ಹನ್ನೊಂದು ವರ್ಷದ ಮೇಲೆ, 1847ರಲ್ಲಿ, ಆಕೆ ಮತ್ತು ಆಕೆಯ ಗಂಡ ಕೊಲೆಯಾದ ಕಥೆ ದೊಡ್ಡದು, ದುಃಖದ್ದು; ತಮ್ಮ ನೆಲಕ್ಕೆ ದಡಾರ ಬಂದು ಮಕ್ಕಳು ಸತ್ತ ಅಲ್ಲಿಯ ಮೂಲನಿವಾಸಿಗಳ ದುಃಖವೂ ಅದರಲ್ಲಿ ಸೇರಿದೆ. ಅದು ಬೇರೆಯೇ ಲೇಖನದ ವಸ್ತು.

ಮುಂದಿನ ವರ್ಷಗಳಲ್ಲಿ ಇದೇ ದಾರಿಯಲ್ಲಿ ಸಂಸಾರಗಳು ಸಾಲುಸಾಲಾಗಿ ಹೊರಟವು. ಸುಮಾರು 3,200 ಕಿಲೋಮೀಟರು, ನಾಲ್ಕೈದು ತಿಂಗಳ ಪಯಣ. ಹಸು ಕಟ್ಟಿಕೊಂಡು ಬಂದ ಹೆಂಗಸರು ಅಲ್ಲಿ ಒಂದು ಜಾಣತನ ಕಂಡುಕೊಂಡರು. ಬೆಳಿಗ್ಗೆ ಹಾಲಿನ ಕೆನೆಯನ್ನು ಪಾತ್ರೆಗೆ ಹಾಕಿ ಗಾಡಿಗೆ ತೂಗುಹಾಕಿದರೆ, ಹಗಲೆಲ್ಲ ಗಾಡಿ ಕುಲುಕಿ ಕುಲುಕಿ, ಸಂಜೆಯ ಹೊತ್ತಿಗೆ ಬೆಣ್ಣೆ ತೇಲುತ್ತಿತ್ತು. ಕಡೆಗೋಲು ಬೇಡ, ಹಗ್ಗ ಬೇಡ. ಹಳ್ಳಕೊಳ್ಳದ ದಾರಿಯೇ ಕಡೆದುಕೊಡುತ್ತಿತ್ತು.

ಬೆಣ್ಣೆ ಕಡೆದ ಅದೇ ಕುಲುಕಾಟದಿಂದ ಬಟ್ಟೆಯನ್ನೇಕೆ ಒಗೆಯಲಿಲ್ಲ? ಒಗೆತವೆಂದರೆ ಮೂಲದಲ್ಲಿ ಬಟ್ಟೆಯನ್ನು ನೀರಿನಲ್ಲಿ ಅಲುಗಾಡಿಸುವುದೇ ತಾನೆ. ನಮ್ಮ ‘ಒಗೆ’ ಎಂಬ ಧಾತುವನ್ನೇ ನೋಡಿ. ಉತ್ತರ ಕರ್ನಾಟಕದವರು ‘ಕಲ್ಲು ಒಗೆ’ ಎಂದರೆ ಕಲ್ಲು ಎಸೆ ಎಂದರ್ಥ. ಬಟ್ಟೆಯನ್ನು ಎತ್ತಿ ಕಲ್ಲಿನ ಮೇಲೆ ಎಸೆಯುವುದೇ ಒಗೆತವೆಂದು ಭಾಷೆ ಸಾಬೂನನ್ನೂ ಕೇಳದೆ ತೀರ್ಮಾನಿಸಿಬಿಟ್ಟಿದೆ! ಹಾಗಿದ್ದರೂ ಗಾಡಿಯ ಹೆಂಗಸರಿಗೆ ಅದು ಸಾಧ್ಯವಾಗದ್ದಕ್ಕೆ ನನಗೆ ತೋರುವ ಕಾರಣ ಎರಡು. ಒಂದು, ನೀರಿನ ಭಾರ. ಒಂದು ಲೀಟರೆಂದರೆ ಒಂದು ಕಿಲೋ. ದಣಿದ ಎತ್ತುಗಳ ಹಿಂದೆ ಒಂದು ಬಾನಿ ನೀರನ್ನು ಹೇರುವ ಧೈರ್ಯ ಯಾರಿಗಿತ್ತು? ಎರಡನೆಯದು ಸಾಬೂನು. ಆ ದಾರಿಯ ನೀರು ಬಹಳ ಕಡೆ ಚೌಳು, ಗಡಸು. ಗಡಸು ನೀರಿನಲ್ಲಿ ಸಾಬೂನು ನೊರೆ ಬಿಡುವುದರ ಬದಲು ಒಡೆದ ಹಾಲಿನಂತೆ ಗಸಿಯಾಗಿ ಬಟ್ಟೆಗೇ ಅಂಟುತ್ತದೆ. ತಣ್ಣೀರಿನಲ್ಲಂತೂ ಹೇಳುವುದೇ ಬೇಡ. ಆದ್ದರಿಂದ ಒಳ್ಳೆಯ ಹೊಳೆ ಸಿಕ್ಕಬೇಕು, ಸೌದೆ ಸಿಕ್ಕಬೇಕು, ಗಾಡಿ ನಿಲ್ಲಬೇಕು. ಗಾಡಿ ನಿಂತ ದಿನ ಎತ್ತಿಗೂ ಗಂಡಸಿಗೂ ವಿಶ್ರಾಂತಿ; ಹೆಂಗಸರಿಗೆ ಅಂದೇ ಒಗೆತ.

ಯಂತ್ರ ಅಷ್ಟರಲ್ಲಿ ಹುಟ್ಟಿಯೇ ಇತ್ತು. ಬಟ್ಟೆ ಒಗೆಯುವ ಸಾಧನಕ್ಕೆ ಅಮೆರಿಕದಲ್ಲಿ 1797ರಲ್ಲೇ ನಥಾನಿಯಲ್ ಬ್ರಿಗ್ಸ್ ಎಂಬಾತ ಪೇಟೆಂಟ್ ಪಡೆದಿದ್ದ. ಅದು ಹೇಗಿತ್ತೆಂದು ಇಂದು ತಿಳಿಯದು. ಪೇಟೆಂಟ್ ಕಚೇರಿ ಬೆಂಕಿಗೆ ಆಹುತಿಯಾದಾಗ ಆ ಕಾಗದವೂ ಸುಟ್ಟುಹೋಯಿತು. ಬೆಂಕಿ ಬಿದ್ದದ್ದು 1836ರ ಡಿಸೆಂಬರಿನಲ್ಲಿ, ನಾರ್ಸಿಸಾ ಸ್ನೇಕ್ ನದಿಯ ಬಳಿ ಕೈಯಾರೆ ಒಗೆದ ಅದೇ ವರ್ಷ. ಆಮೇಲೆ ಕೈತಿರುಗಣೆಯ ಪೀಪಾಯಿಗಳು ಬಂದವು, ವಿದ್ಯುತ್ತು ಬಂತು. 1937ರಲ್ಲಿ ಬೆಂಡಿಕ್ಸ್ ಕಂಪನಿ, ತಾನೇ ನೀರು ತುಂಬಿಕೊಂಡು, ತಾನೇ ಒಗೆದು, ಜಾಲಿಸಿ, ಹಿಂಡಿಬಿಡುವ ಯಂತ್ರವನ್ನು ಜನರ ಮುಂದಿಟ್ಟಿತು. ಹಿಂಡುವಾಗ ಅದು ಎಷ್ಟು ಅದುರುತ್ತಿತ್ತೆಂದರೆ, ಮನೆಯ ನೆಲಕ್ಕೆ ಬೋಲ್ಟು ಹಾಕಿ ಬಿಗಿಯಬೇಕಾಗಿತ್ತು. ನೆಲವೇ ಓಡುವ ಮನೆಯಲ್ಲಿ ಅದನ್ನು ಎಲ್ಲಿಗೆ ಬಿಗಿಯುವುದು?

ಹೆಂಗಸರ ಬೆಣ್ಣೆಯ ಜಾಣತನವನ್ನು ಬಟ್ಟೆಗೆ ಹೊಂದಿಸಿದವನು ಒಬ್ಬ ಕಾದಂಬರಿಕಾರ. 1960ರಲ್ಲಿ, ಐವತ್ತೆಂಟರ ವಯಸ್ಸಿನಲ್ಲಿ, ಜಾನ್ ಸ್ಟೈನ್‌ಬೆಕ್ ಒಂದು ಟ್ರಕ್ಕಿನ ಮೇಲೆ ಪುಟ್ಟ ಮನೆ ಕಟ್ಟಿಸಿಕೊಂಡು, ಚಾರ್ಲಿ ಎಂಬ ನಾಯಿಯನ್ನು ಪಕ್ಕದಲ್ಲಿ ಕೂಡಿಸಿಕೊಂಡು ದೇಶ ಸುತ್ತಿದ. ಗಾಡಿಗೆ ಡಾನ್ ಕ್ವಿಕ್ಸೋಟನ ಕುದುರೆಯ ಹೆಸರು, ರೋಸಿನಾಂಟೆ. ಕಸ ಹಾಕಲು ಅವನ ಬಳಿ ಮುಚ್ಚಳವುಳ್ಳ ದೊಡ್ಡ ಪ್ಲಾಸ್ಟಿಕ್ ಬಕೆಟ್ಟಿತ್ತು. ಗಾಡಿ ಓಡುವಾಗ ಅದು ಉರುಳುತ್ತದೆಂದು, ಬಟ್ಟೆ ತೂಗುಹಾಕುವ ಗಳುವಿಗೆ ರಬ್ಬರ್ ಹಗ್ಗದಿಂದ ಅದನ್ನು ಕಟ್ಟಿದ. ದಿನದ ಕೊನೆಗೆ ನೋಡಿದರೆ ಒಳಗಿನ ಕಸವೆಲ್ಲ ನಾದಿದ ಹಿಟ್ಟಿನಂತಾಗಿತ್ತು. ಮರುದಿನ ಬಕೆಟ್ಟು ತೊಳೆದು, ಅಂಗಿ ಕಾಲುಚೀಲ ಹಾಕಿ, ಬಿಸಿನೀರೂ ಡಿಟರ್ಜೆಂಟೂ ಸುರಿದು ಮುಚ್ಚಿದ. ಸಂಜೆ ತೊರೆಯೊಂದರಲ್ಲಿ ಜಾಲಿಸಿ, ಗಾಡಿಯೊಳಗೆ ನೈಲಾನ್ ಹುರಿ ಕಟ್ಟಿ ಹರವಿದ. ಅಲ್ಲಿಂದ ಮುಂದೆ ಒಂದು ದಿನದ ಓಟ ಒಗೆಯಲು, ಮರುದಿನದ ಓಟ ಒಣಗಿಸಲು. 1962ರಲ್ಲಿ ಬಂದ ‘ಟ್ರಾವಲ್ಸ್ ವಿತ್ ಚಾರ್ಲಿ’ಯಲ್ಲಿ ಇದರ ವರ್ಣನೆಯಿದೆ. ಆ ಪುಸ್ತಕದ ಎಷ್ಟೋ ಭೇಟಿ, ಸಂಭಾಷಣೆಗಳು ಕಲ್ಪಿತವೆಂದು ಇತ್ತೀಚೆಗೆ ದಾರಿ ಹಿಡಿದು ಪರೀಕ್ಷಿಸಿದವರು ಹೇಳುತ್ತಾರೆ. ಇರಬಹುದು. ಬಕೆಟ್ಟನ್ನು ಮಾತ್ರ ನಾನು ನಂಬುತ್ತೇನೆ. ಕಾದಂಬರಿಕಾರ ಸುಳ್ಳು ಹೇಳುವುದಾದರೆ ಕಸದ ಬುಟ್ಟಿಯ ಬಗ್ಗೆ ಹೇಳುತ್ತಾನೆಯೆ?

ಇದನ್ನು ಓದಿ, ಬಕೆಟ್ಟು ಎಷ್ಟು ಸರಳ ಎಂದು ನನ್ನ ವಿದ್ಯಾರ್ಥಿಯಂತೆ ಮರುಳಾಗಬಾರದು. ಸೋರದ ಪ್ಲಾಸ್ಟಿಕ್ಕು, ರಬ್ಬರ್ ಹಗ್ಗ, ನೈಲಾನ್ ಹುರಿ, ಇವೆಲ್ಲ ಕಾರ್ಖಾನೆಯ ಕೊಡುಗೆ. ಡಿಟರ್ಜೆಂಟಿನದು ಇನ್ನೂ ದೊಡ್ಡ ಉಪಕಾರ. ಗಡಸು ನೀರಿನಲ್ಲೂ ಗಸಿಯಾಗದ ‘ಟೈಡ್’ ಪುಡಿ ಅಮೆರಿಕದ ಅಂಗಡಿಗೆ ಬಂದದ್ದು 1946ರಲ್ಲಿ. ನಾರ್ಸಿಸಾಳ ಬಳಿ ಇಲ್ಲದಿದ್ದದ್ದು ಜಾಣತನವಲ್ಲ, ಈ ಸಾಮಾನು.

ಇಂದಿನ ಯಂತ್ರದ ಮಾತಿಗೆ ಬರೋಣ. ಮೋಟಾರು ಮನೆಗೆಂದೇ ಮಾರುವ, ಒಗೆದು ಒಣಗಿಸುವ ಎರಡೂ ಕೆಲಸದ ಒಂದೇ ಪೆಟ್ಟಿಗೆಯ ಯಂತ್ರ ಸುಮಾರು 70 ಕಿಲೋ ತೂಗುತ್ತದೆ. ಒಂದು ಸಲದ ಒಗೆತಕ್ಕೆ 40ರಿಂದ 60 ಲೀಟರ್ ನೀರು. ಮಧ್ಯಮ ಗಾತ್ರದ ಮೋಟಾರು ಮನೆಯ ತೊಟ್ಟಿ 150 ಲೀಟರಿನ ಆಸುಪಾಸು; ಮೂರು ಸಲ ಒಗೆದರೆ ಕುಡಿಯುವ ನೀರಿಗೂ ಸಂಚಕಾರ. ಒಗೆದ ನೀರಾದರೂ ಎಲ್ಲಿಗೆ ಹೋಗಬೇಕು? ಬಚ್ಚಲಿನ ನೀರಿಗೆಂದು ಗಾಡಿಯ ಅಡಿಯಲ್ಲಿ ಇನ್ನೊಂದು ತೊಟ್ಟಿಯಿದೆ, ಅದೂ ತುಂಬುತ್ತದೆ. ಒಗೆದಷ್ಟು ಬಟ್ಟೆಯನ್ನು ಒಮ್ಮೆಗೇ ಒಣಗಿಸಲೂ ಆಗದು. ಹೆಚ್ಚೆಂದರೆ ಅರ್ಧ, ಅದಕ್ಕೇ ಎರಡು ಮೂರು ಗಂಟೆ. ಹೊರಕ್ಕೆ ಗಾಳಿಕೊಳವೆ ಇಲ್ಲದ ಯಂತ್ರಗಳಲ್ಲಿ ಹಲವು, ಬಟ್ಟೆಯಿಂದೆದ್ದ ಆವಿಯನ್ನು ತಣಿಸಲು ಮತ್ತೆ ತಣ್ಣೀರನ್ನೇ ಹರಿಸುತ್ತವೆ. ಬಟ್ಟೆ ಒಣಗಿಸಲು ನೀರು ಖರ್ಚು! ಇದನ್ನು ನಮ್ಮಜ್ಜಿಗೆ ಹೇಳಿದ್ದರೆ ನನ್ನ ಹಣೆ ಮುಟ್ಟಿ ಜ್ವರ ನೋಡುತ್ತಿದ್ದಳು.

ಓಡುವ ಮನೆಯಲ್ಲಿ ಕುಲುಕಾಟ ಪುಕ್ಕಟೆ, ನೀರು ದುಬಾರಿ. ಊರಿನ ಮನೆಯಲ್ಲಿ ಇದು ತಿರುಗುಮುರುಗು. ಊರಿನ ಮನೆಗಾಗಿ ಹುಟ್ಟಿದ ಯಂತ್ರ ದಾರಿಯಲ್ಲಿ ತೊಡಕಾಗುವುದು ಇದರಿಂದಲೇ. ಹಾಗೆಂದು ಬಕೆಟ್ಟಿನ ಪಕ್ಷಕ್ಕೆ ಪೂರ್ತಿ ತೀರ್ಪು ಕೊಡಲೂ ಮನಸ್ಸೊಪ್ಪಲಿಲ್ಲ. “ಬಕೆಟ್ಟು ಸಾಕು” ಎಂದ ಮಹಾಶಯ, ಜಾಲಿಸಿ ಹಿಂಡುವವರು ಯಾರೆಂದು ಕಾಗದದಲ್ಲಿ ಬರೆದಿರಲಿಲ್ಲ. ಒದ್ದೆ ಕಂಬಳಿಯನ್ನು, ದಪ್ಪ ಪ್ಯಾಂಟನ್ನು ಹಿಂಡಿದ ಮಣಿಕಟ್ಟಿಗೇ ಗೊತ್ತು ಅದರ ಕಷ್ಟ. ಆದ್ದರಿಂದ ಬರೆದೆ: ಕುಲುಕುವುದನ್ನು ದಾರಿಗೆ ಬಿಡಿ, ಬಟ್ಟೆಯನ್ನು ಗರಗರನೆ ತಿರುಗಿಸಿ ನೀರು ತೆಗೆಯುವ ಪುಟ್ಟ ಯಂತ್ರವೊಂದನ್ನು ಮಾತ್ರ ಕೊಳ್ಳಿ. ಒಂದು ಲೀಟರ್ ನೀರನ್ನು ಕಾಸಿ ಆವಿಮಾಡಲು ಅರ್ಧ ಯೂನಿಟ್ಟಿಗೂ ಹೆಚ್ಚು ವಿದ್ಯುತ್ತು ಬೇಕು. ತಿರುಗಿಸಿ ತೆಗೆಯಲು ಅದರ ಅಲ್ಪಭಾಗ ಸಾಕು. ಜಾಲಿಸುವ ಸರದಿ ಒಂದು ವಾರ ನಿನ್ನದು, ಒಂದು ವಾರ ಅವರದು.

ಜಾಲಿಸುವುದಕ್ಕೆ ಸ್ಟೈನ್‌ಬೆಕ್ಕನಿಗೆ ಸಿಕ್ಕ ಅನುಕೂಲ ಮಾತ್ರ ಇವರಿಗೆ ಸಿಕ್ಕದು. ಡಿಟರ್ಜೆಂಟಿನ ಬಟ್ಟೆಯನ್ನು ತೊರೆಯಲ್ಲಿ ಅದ್ದುವುದನ್ನು ಇಂದು ಅಲ್ಲಿ ಒಪ್ಪುವುದಿಲ್ಲ. ಒಗೆಯುವುದಾದರೆ ಹರಿವ ನೀರಿನಿಂದ ಅರವತ್ತು ಮೀಟರಾದರೂ ದೂರವಿರಿ ಎಂಬುದು ಕಾಡು ಸುತ್ತುವವರಿಗೆ ಹೇಳಿಕೊಡುವ ಪಾಠ. ಅದು ನ್ಯಾಯವೂ ಹೌದು. ಹೀಗಾಗಿ ಎಷ್ಟೋ ಮೋಟಾರು ಮನೆಯವರು ಕೊನೆಗೆ ಹಿಡಿಯುವುದು 1934ರಲ್ಲಿ ಟೆಕ್ಸಸ್ಸಿನ ಫೋರ್ಟ್ ವರ್ತ್ ಪಟ್ಟಣದಲ್ಲಿ ತೆರೆದ ದಾರಿಯನ್ನೇ. ಅಲ್ಲಿ ಒಬ್ಬಾತ ನಾಲ್ಕು ವಿದ್ಯುತ್ ಯಂತ್ರಗಳನ್ನಿಟ್ಟು, ಗಂಟೆಯ ಬಾಡಿಗೆಗೆ ಊರವರಿಗೆ ಬಿಟ್ಟುಕೊಟ್ಟ. ಈಗ ಬಿಡಾರದ ತಾಣಗಳಲ್ಲೆಲ್ಲ ಅಂಥ ಕೋಣೆಗಳಿವೆ. ಬೀರುವಿನಲ್ಲಿ ಸ್ವಂತ ಯಂತ್ರವಿದ್ದವರೂ ಹೊದಿಕೆ, ದುಪ್ಪಟಿಗಳ ದಿನ ಗಂಟು ಕಟ್ಟಿಕೊಂಡು, ಕಾಲು ಡಾಲರಿನ ನಾಣ್ಯಗಳನ್ನು ಎಣಿಸಿಕೊಂಡು ಅಲ್ಲಿಗೇ ಹೋಗುತ್ತಾರೆ.