ಗುಡ್ಡೆಯ ಬಿಸಿಲು, ಬೈಲಿನ ಅನ್ನ

ಹತ್ತನೆಯ ತರಗತಿಯ ವಿಜ್ಞಾನದಲ್ಲಿ ‘ಶಕ್ತಿಯ ಹರಿವು’ ಎಂಬ ಪಾಠಭಾಗವಿದೆ. ಹಸಿರು ಗಿಡ ಸೂರ್ಯನ ಬೆಳಕನ್ನು ಆಹಾರವಾಗಿ ಕೂಡಿಡುತ್ತದೆ. ಗಿಡವನ್ನು ಸಸ್ಯಾಹಾರಿ, ಸಸ್ಯಾಹಾರಿಯನ್ನು ಮಾಂಸಾಹಾರಿ ತಿನ್ನುತ್ತದೆ. ಸತ್ತದ್ದನ್ನೆಲ್ಲ ವಿಘಟಕ ಜೀವಿಗಳು ಕೊಳೆಯಿಸಿ ಮಣ್ಣಿಗೆ ಸೇರಿಸುತ್ತವೆ. ನಮ್ಮ ಶಾಲೆಯಲ್ಲಿ ಕಲಿತವರು ಈ ಸರಪಳಿಯ ಚಿತ್ರವನ್ನು ಉತ್ತರಪತ್ರಿಕೆಯಲ್ಲಿ ಬಿಡಿಸಿ ಅಂಕ ಪಡೆದವರೇ. ಆದರೆ ಆ ಹರಿವು ವಾಮಂಜೂರಿನ ಗುಡ್ಡೆ, ಹಟ್ಟಿ, ಬೈಲುಗಳ ನಡುವೆ ಹೇಗೆ ಸಾಗುತ್ತಿತ್ತು, ಯಾವಾಗ ದಿಕ್ಕು ಬದಲಿಸಿತು ಎಂಬುದು ಪಠ್ಯದಲ್ಲಿಲ್ಲ. ಸುವರ್ಣ ಮಹೋತ್ಸವದ ಈ ಸಂಚಿಕೆಯಲ್ಲಿ ಅದನ್ನು ಬರೆದಿಡುವುದು ಉಚಿತವೆಂದು ಭಾವಿಸಿದ್ದೇನೆ.

ಈ ಪಾಠಕ್ಕೂ ಒಂದು ಚರಿತ್ರೆಯಿದೆ. ಅಮೆರಿಕದ ಮಿನ್ನೆಸೋಟದಲ್ಲಿ ರೇಮಂಡ್ ಲಿಂಡೆಮನ್ ಎಂಬ ಯುವಕ ಒಂದು ಸಣ್ಣ ಕೆರೆಯ ಪಾಚಿ, ಹುಳು, ಮೀನುಗಳನ್ನು ವರ್ಷಗಟ್ಟಲೆ ಅಭ್ಯಸಿಸಿ, ಪ್ರತಿ ಮೆಟ್ಟಿಲಲ್ಲೂ ಎಷ್ಟು ಶಕ್ತಿ ಉಳಿಯುತ್ತದೆಂದು ಲೆಕ್ಕ ಹಾಕಿದ. ಪ್ರಬಂಧ ಅಚ್ಚಾದದ್ದು 1942ರಲ್ಲಿ. ಅದನ್ನು ನೋಡಲು ಆತ ಇರಲಿಲ್ಲ. 27 ತುಂಬುವ ಮೊದಲೇ ತೀರಿಕೊಂಡಿದ್ದ. ಒಂದು ಸ್ತರದಿಂದ ಮುಂದಿನ ಸ್ತರಕ್ಕೆ ಸುಮಾರು 10 ಶೇಕಡಾ ಶಕ್ತಿ ಮಾತ್ರ ದಾಟುತ್ತದೆ, ಉಳಿದದ್ದು ಬಹುಪಾಲು ಉಸಿರಾಟದ ಬಿಸಿಯಾಗಿ ಹೋಗುತ್ತದೆ ಎಂಬ ಇಂದಿನ ಪಾಠಕ್ಕೆ ಅದೇ ಬುನಾದಿ.

ಇದಕ್ಕೆ ಉದಾಹರಣೆ ನಮ್ಮ ಪಕ್ಕದಲ್ಲೇ ಇದೆ. ಪಿಲಿಕುಳ ಎಂದರೆ ಹುಲಿಯ ಕೊಳ. ತುಳುವಿನಲ್ಲಿ ‘ಪಿಲಿ’ ಹುಲಿ. ಈಗ ಅಲ್ಲಿ ಹುಲಿಯನ್ನು ನೋಡಲು ಟಿಕೆಟ್ ಪಡೆಯಬೇಕು. ನಮ್ಮ ಜಿಲ್ಲೆಯವರೇ ಆದ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ನಡೆಸಿದ ದೀರ್ಘ ಅಧ್ಯಯನಗಳಿಂದ ತಿಳಿದುಬಂದಂತೆ, ಒಂದು ಹುಲಿಗೆ ವರ್ಷಕ್ಕೆ ಸುಮಾರು 50 ದೊಡ್ಡ ಪ್ರಾಣಿಗಳು ಬೇಕು. ಅಷ್ಟು ಒದಗಲು ಕಾಡಿನಲ್ಲಿ ಸುಮಾರು 500 ಜಿಂಕೆ, ಕಡವೆ, ಕಾಟಿಗಳಿರಬೇಕು. ಹುಲಿ ಇದ್ದ ನೆಲವೆಂದರೆ ಅಷ್ಟು ಹಸಿರು ಇದ್ದ ನೆಲ. ಊರಿನ ಹೆಸರೇ ಇಲ್ಲಿ ಒಂದು ದಾಖಲೆ.

ಇನ್ನು ಮನುಷ್ಯರ ವಿಷಯ. ತುಳುನಾಡಿನ ಗದ್ದೆಗಳು ಮೂರು ಬಗೆ: ತಗ್ಗಿನ ಬೈಲು, ನಡುವಿನ ಮಜಲು, ಮೇಲಿನ ಬೆಟ್ಟು. ನೀರಿದ್ದ ಬೈಲಿನಲ್ಲಿ ಏಣೆಲು, ಸುಗ್ಗಿ, ಕೊಳಕೆ ಎಂದು ಮೂರು ಬೆಳೆ. 1801ರಲ್ಲಿ ಮಂಗಳೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಈ ವಿಂಗಡಣೆಯನ್ನು ಬರೆದಿಟ್ಟಿದ್ದಾನೆ. ಮಳೆಗಾಲದಲ್ಲಿ ಸತ್ವವೆಲ್ಲ ತೊಳೆದುಹೋಗುವ ಮುರಕಲ್ಲಿನ ನೆಲದಲ್ಲಿ ಇಷ್ಟು ಬೆಳೆ ಹೇಗೆ ಸಾಧ್ಯವಾಯಿತು? ಉತ್ತರ ಗದ್ದೆಯಲ್ಲಿಲ್ಲ, ಗುಡ್ಡೆಯಲ್ಲಿದೆ.

ಗುಡ್ಡೆಯ ಮರಗಳು ಹಿಡಿದ ಬಿಸಿಲು ಮೂರು ದಾರಿಯಿಂದ ಬೈಲಿಗೆ ಇಳಿಯುತ್ತಿತ್ತು. ಸೊಪ್ಪು, ತರಗೆಲೆಗಳನ್ನು ಹಟ್ಟಿಗೆ ಹಾಸಿ, ಸೆಗಣಿ-ಗಂಜಲದೊಡನೆ ಕೊಳೆತ ಗೊಬ್ಬರವನ್ನು ಗದ್ದೆಗೆ ಹೊರುವುದು ಮೊದಲನೆಯ ದಾರಿ. ಗುಡ್ಡೆಯಲ್ಲಿ ಮೇಯ್ದ ಎತ್ತು-ಕೋಣಗಳು ಉಳುವುದು ಎರಡನೆಯದು. ಮೂರನೆಯದು ಕಟ್ಟಿಗೆ: ನಮ್ಮ ಕುಚ್ಚಲಕ್ಕಿಗೆ ಭತ್ತ ಬೇಯಿಸಲು ಒಮ್ಮೆ, ಅನ್ನ ಮಾಡಲು ಮತ್ತೊಮ್ಮೆ ಬೆಂಕಿ ಬೇಕು. ಹೀಗೆ ಒಂದು ಬಟ್ಟಲು ಗಂಜಿಯಲ್ಲಿ ಗದ್ದೆಯ ಬಿಸಿಲಿನ ಜೊತೆಗೆ ಗುಡ್ಡೆಯ ಬಿಸಿಲೂ ಇತ್ತು.

ಇದು ಬರೇ ರೂಢಿಯಾಗಿರಲಿಲ್ಲ, ಕಾನೂನಿನಲ್ಲೂ ಸೇರಿತ್ತು. ‘ಕುಮ್ಕಿ’ ಎಂಬ ಪದ ನಮ್ಮ ಜಿಲ್ಲೆಯಲ್ಲಿ ಯಾರಿಗೆ ಗೊತ್ತಿಲ್ಲ? ಹಳೆಯ ಕದೀಂ ವರ್ಗದ ಜಾಗದ ಸುತ್ತ ಸುಮಾರು 100 ಗಜದ ಒಳಗಿನ ಸರಕಾರಿ ಭೂಮಿಯಿಂದ ಸೊಪ್ಪು, ಸೌದೆ ತರಲು, ಅಲ್ಲಿ ದನ ಮೇಯಿಸಲು ವರ್ಗದಾರನಿಗಿದ್ದ ಹಕ್ಕು ಅದು. ‘ಕುಮ್ಕಿ’ ಎಂದರೆ ಸಹಾಯ. ಗುಡ್ಡೆಯ ಸಹಾಯವಿಲ್ಲದೆ ಗದ್ದೆ ನಿಲ್ಲದು ಎಂಬ ತಿಳಿವಳಿಕೆ ಆ ಹೆಸರಿನಲ್ಲೇ ಇದೆ. ಆದರೆ ಹಕ್ಕು ವರ್ಗದಾರನದು. ಸೊಪ್ಪು ಕಡಿದು, ಹೊತ್ತು, ತುಳಿದವರು ಹೆಚ್ಚಾಗಿ ಒಕ್ಕಲಿನವರು, ಕೂಲಿಯವರು, ಅವರಲ್ಲೂ ಹೆಂಗಸರು. ಶಕ್ತಿಯ ಹರಿವಿನ ಚಿತ್ರದಲ್ಲಿ ಅವರ ಬೆವರಿಗೂ ಒಂದು ಬಾಣದ ಗುರುತು ಹಾಕಬೇಕು.

ಹರಿವಿನ ದಿಕ್ಕು ಬದಲಾದದ್ದು ಒಮ್ಮೆಲೇ ಅಲ್ಲ. 1865ರಲ್ಲಿ ಬಾಸೆಲ್ ಮಿಶನ್ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿತು. ಮುಂದೆ ನೇತ್ರಾವತಿ, ಗುರುಪುರ ಹೊಳೆಗಳ ದಂಡೆಯಲ್ಲಿ ಇಂಥ ಕಾರ್ಖಾನೆಗಳು ಹಲವು ಎದ್ದವು. ಮುಳಿಹುಲ್ಲಿನ ಮಾಡು ಹೋಗಿ ಹಂಚಿನ ಮಾಡು ಬಂತು. ಮನೆ ಸೋರುವುದು ನಿಂತಿತು, ಸಾವಿರಾರು ಮಂದಿಗೆ ಕೆಲಸ ಸಿಕ್ಕಿತು. ಆದರೆ ಗದ್ದೆಗೆ ಇಳಿಯಬೇಕಿದ್ದ ಗುಡ್ಡೆಯ ಮರ ಆವಿಗೆಯಲ್ಲಿ ಉರಿಯತೊಡಗಿತು. 1976ರಲ್ಲಿ ಪಣಂಬೂರಿನ ಕಾರ್ಖಾನೆಯಲ್ಲಿ ಯೂರಿಯಾ ತಯಾರಾಗತೊಡಗಿತು. ಆಗ ಅದರ ಮೂಲ ನಾಫ್ತಾ ಆಗಿತ್ತು, ಅಂದರೆ ಪೆಟ್ರೋಲಿಯಂ. ಕೋಟ್ಯಂತರ ವರ್ಷಗಳ ಹಿಂದಿನ ಬಿಸಿಲು. ಸೊಪ್ಪಿನ ಹೊರೆ ತಲೆಯಿಂದ ಇಳಿಯಿತು. ಯಾರೂ ಅದಕ್ಕೆ ಮರುಗಬೇಕಾಗಿಲ್ಲ. ಉಳುಮೆಗೆ ಟಿಲ್ಲರ್, ಅಡುಗೆಗೆ ಗ್ಯಾಸ್ ಬಂದ ಮೇಲೆ ಗುಡ್ಡೆಗೂ ಗದ್ದೆಗೂ ಇದ್ದ ನಂಟು ಕಳಚಿತು. ಗುಡ್ಡೆಯಲ್ಲಿ ಅಕೇಶಿಯ ಬಂತು, ಆಮೇಲೆ ಸೈಟುಗಳು. ಅಕ್ಕಿ ಲಾರಿಯಲ್ಲಿ ಬರತೊಡಗಿತು.

ಬಂದದ್ದು ಎಲ್ಲಿಗಾದರೂ ಹೋಗಲೇಬೇಕಲ್ಲ. ನಗರದ ಎಲ್ಲ ಅಡುಗೆಮನೆಗಳ ಉಳಿಕೆ ಇಂದು ನಮ್ಮ ನೆರೆಯ ಪಚ್ಚನಾಡಿಗೆ ಬರುತ್ತದೆ. ಹಟ್ಟಿಯಲ್ಲಿ ಗಾಳಿಯಾಡಿ ಕೊಳೆತರೆ ಗೊಬ್ಬರವಾಗುವ ವಸ್ತು, ಪ್ಲಾಸ್ಟಿಕ್ಕಿನೊಡನೆ ರಾಶಿಬಿದ್ದು ಗಾಳಿಯಿಲ್ಲದೆ ಕೊಳೆತರೆ ಮೀಥೇನ್ ಆಗುತ್ತದೆ. ಬೇಸಿಗೆಯಲ್ಲಿ ಆ ರಾಶಿಗೆ ಬೆಂಕಿ ಹತ್ತಿದಾಗ ಉರಿಯುವುದರಲ್ಲಿ ಯಾವುದೋ ಹೊಲದ ಎಲೆ ಹಿಡಿದಿಟ್ಟ ಬಿಸಿಲೂ ಇದೆ. 2019ರ ಆಗಸ್ಟ್ ಮಳೆಗೆ ಆ ತ್ಯಾಜ್ಯದ ಗುಡ್ಡೆ ಜಾರಿ ಮಂದಾರದ ಮನೆಗಳನ್ನೂ ತೆಂಗು-ಕಂಗಿನ ತೋಟಗಳನ್ನೂ ನುಂಗಿತು. ಒಂದು ಕಾಲದಲ್ಲಿ ಗುಡ್ಡೆಯಿಂದ ತೋಟಕ್ಕೆ ಸತ್ವ ಇಳಿಯುತ್ತಿತ್ತು. ಅಂದು ಇಳಿದದ್ದು ಕಸ.

ವಿಜ್ಞಾನ ಹೇಳುವ ಮುಖ್ಯ ಮಾತು ಇಷ್ಟು: ಮಣ್ಣಿನ ಸತ್ವ ತಿರುಗಿ ಬರುತ್ತದೆ, ಶಕ್ತಿ ತಿರುಗಿ ಬರುವುದಿಲ್ಲ. ಅದನ್ನು ಪ್ರತಿದಿನ ಹೊಸದಾಗಿ ಹಿಡಿಯಲು ಎಲೆ ಬೇಕು, ಸತ್ವವನ್ನು ಹಿಂದಿರುಗಿಸಲು ವಿಘಟಕಗಳಿಗೆ ಜಾಗ ಬೇಕು. ಹಳೆಯ ಕಾಲ ಮರಳಿ ಬರಲೆಂದು ಯಾರೂ ಬಯಸುವುದಿಲ್ಲ. ಆದರೆ ಬಿಸಿಯೂಟದ ಉಳಿಕೆಗೆ ಶಾಲೆಯ ಹಿತ್ತಲಲ್ಲಿ ಒಂದು ಗೊಬ್ಬರದ ಗುಂಡಿ, ಅಂಗಳದ ಅಂಚಿನಲ್ಲಿ ನಾಲ್ಕು ಹಲಸು-ಮಾವು ಇಡುವುದು ನಮ್ಮಿಂದ ಆಗದ ಕೆಲಸವಲ್ಲ. ಹಿರಿಯ ವಿದ್ಯಾರ್ಥಿಗಳು ತಮ್ಮ ಮನೆಯ ಗದ್ದೆಗಳ ಹೆಸರು, ಸೊಪ್ಪು ತಂದ ಗುಡ್ಡೆಗಳ ಹೆಸರು ನೆನಪಿರುವಷ್ಟನ್ನು ಈಗಿನ ಮಕ್ಕಳಿಗೆ ಹೇಳಿ ಬರೆಯಿಸಿದರೆ, ಪಠ್ಯದ ಆಹಾರ ಸರಪಳಿಗೆ ನಮ್ಮ ಊರಿನ ವಿಳಾಸವೂ ಸಿಕ್ಕೀತು.