ಮುರಿದ ಮೇಳ ಮತ್ತೆ ಕೂಡಿದ ಬಗೆ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಸುತ್ತಿನ ಊರುಗಳಲ್ಲಿ ಯಕ್ಷಗಾನ ನೋಡುತ್ತ ಬೆಳೆದವರಿಗೆ ಕಲಾವಿದರು ಮೇಳ ಬಿಡುವುದು ಹೊಸ ಸುದ್ದಿಯಲ್ಲ. ಈ ವರ್ಷ ಒಂದು ಮೇಳದಲ್ಲಿ ಹಾಡಿದ ಭಾಗವತರು ಮುಂದಿನ ತಿರುಗಾಟಕ್ಕೆ ಇನ್ನೊಂದು ಮೇಳದಲ್ಲಿರಬಹುದು. ಅಭಿಮಾನಿಗಳು ನಾಲ್ಕು ದಿನ ಗೊಣಗುತ್ತಾರೆ, ಅಷ್ಟೆ. ಮೇಳ ನಿಲ್ಲುವುದಿಲ್ಲ. ಅದು ದೇವಸ್ಥಾನದ್ದು, ಇಲ್ಲವೇ ಯಜಮಾನರದ್ದು.

ಪಾಶ್ಚಾತ್ಯ ರಾಕ್ ತಂಡಗಳ ಪಾಡು ಬೇರೆ. ಅಲ್ಲಿ ತಂಡವೆಂದರೆ ಆ ಮೂರು ನಾಲ್ಕು ಮಂದಿಯೇ. ಒಬ್ಬ ಎದ್ದು ಹೋದರೆ ತಂಡದ ಹೆಸರಿಗೇ ಕುತ್ತು. ಅಮೆರಿಕದ ಬ್ಲಿಂಕ್-182 ಈ ಕುತ್ತನ್ನು ಎರಡು ಸಲ ಕಂಡು, ಎರಡು ಸಲವೂ ಮರಳಿ ಬಂದಿದೆ.

ಈ ತಂಡದ ಸಂಗೀತಕ್ಕೆ 'ಪಾಪ್ ಪಂಕ್' ಎಂದು ಹೆಸರು. 1970ರ ದಶಕದಲ್ಲಿ ನ್ಯೂಯಾರ್ಕ್ ಮತ್ತು ಲಂಡನ್ನಿನ ಹುಡುಗರು ಮೂರೇ ಸ್ವರಮೇಳದಲ್ಲಿ, ಭಾರೀ ವೇಗದಲ್ಲಿ, ಸಿಟ್ಟನ್ನೇ ಹಾಡಾಗಿಸಿದ್ದು ಪಂಕ್. ಅದಕ್ಕೆ ಗುನುಗಲು ಬರುವ ಧಾಟಿ ಕೂಡಿಸಿದರೆ ಪಾಪ್ ಪಂಕ್. 1994ರಲ್ಲಿ ಗ್ರೀನ್ ಡೇ ತಂಡದ 'ಡೂಕಿ' ಧ್ವನಿಸುರುಳಿ ಇದನ್ನು ಮನೆಮನೆಗೆ ಮುಟ್ಟಿಸಿತು.

ಬ್ಲಿಂಕ್ ಹುಟ್ಟಿದ್ದು 1992ರಲ್ಲಿ, ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೊ ಬಳಿಯ ಪೊವೇ ಎಂಬ ಊರಿನಲ್ಲಿ. ಗಿಟಾರಿಗೆ ಟಾಮ್ ಡಿಲಾಂಜ್, ಬೇಸ್ ಗಿಟಾರಿಗೆ ಮಾರ್ಕ್ ಹಾಪಸ್. ಐರ್ಲೆಂಡಿನಲ್ಲಿ ಅದೇ ಹೆಸರಿನ ತಂಡ ಮೊದಲೇ ಇದ್ದುದರಿಂದ 182 ಅಂಟಿಕೊಂಡಿತು. 1998ರಲ್ಲಿ ಡ್ರಮ್ಸ್ ಮುಂದೆ ಟ್ರಾವಿಸ್ ಬಾರ್ಕರ್ ಕುಳಿತ ಮೇಲೆ ತಂಡದ ಗತಿಯೇ ಬದಲಾಯಿತು. ಚೆಂಡೆಗೆ ಒಳ್ಳೆಯ ಕೈ ಸಿಕ್ಕಿದಾಗ ರಂಗಸ್ಥಳಕ್ಕೆ ಬರುವ ಕಳೆಯನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ. ಮರುವರ್ಷದ 'ಎನಿಮಾ ಆಫ್ ದಿ ಸ್ಟೇಟ್' ಮೂವರನ್ನೂ ಜಗತ್ಪ್ರಸಿದ್ಧರನ್ನಾಗಿಸಿತು.

ಒಡಕು ಶುರುವಾದದ್ದು 2002ರಲ್ಲಿ. ಡಿಲಾಂಜ್ ಆ ವರ್ಷ ಬಾರ್ಕರ್‌ನನ್ನು ಜೊತೆಗಿಟ್ಟುಕೊಂಡು, ಹಾಪಸ್‌ನನ್ನು ಬಿಟ್ಟು, 'ಬಾಕ್ಸ್ ಕಾರ್ ರೇಸರ್' ಎಂಬ ಬೇರೆ ತಂಡದ ಹೆಸರಿನಲ್ಲಿ ಧ್ವನಿಸುರುಳಿ ತಂದ. ಗೆಳೆಯನಿಗೆ ಅದು ಮನಸ್ಸಿಗೆ ನಾಟಿತು. ಮುಂದೆ ಡಿಲಾಂಜ್ ಮನೆಮಂದಿಯ ಜೊತೆ ಇರಲು ಬಿಡುವು ಕೇಳಿದ. ಉಳಿದಿಬ್ಬರು ತಿರುಗಾಟ ನಡೆಯಲೇಬೇಕೆಂದರು. 2005ರ ಫೆಬ್ರವರಿಯಲ್ಲಿ ತಂಡ ನಿಂತಿತು. ಪರಸ್ಪರ ಮಾತೂ ನಿಂತಿತು.

ಮಾತು ಮತ್ತೆ ಶುರುವಾಗಲು ಸಾವು ಹತ್ತಿರ ಬರಬೇಕಾಯಿತು. 2008ರ ಆಗಸ್ಟ್‌ನಲ್ಲಿ ಅವರ ಧ್ವನಿಸುರುಳಿಗಳ ನಿರ್ಮಾಪಕ ಜೆರ್ರಿ ಫಿನ್ ತೀರಿಕೊಂಡ. ಸೆಪ್ಟೆಂಬರ್ 19ರಂದು ಸೌತ್ ಕೆರೊಲಿನಾದಲ್ಲಿ ಬಾರ್ಕರ್ ಇದ್ದ ಪುಟ್ಟ ವಿಮಾನ ಮೇಲೇರುವಾಗಲೇ ಉರಿದುಹೋಯಿತು. ನಾಲ್ವರು ಸತ್ತರು. ಬದುಕುಳಿದ ಇಬ್ಬರಲ್ಲಿ ಬಾರ್ಕರ್ ಒಬ್ಬ; ಮೈಯ ಬಹುಪಾಲು ಸುಟ್ಟಿತ್ತು. ಡಿಲಾಂಜ್‌ನ ಪತ್ರ ಆಸ್ಪತ್ರೆಗೆ ಬಂತು. 2009ರ ಫೆಬ್ರವರಿ 8ರಂದು ಗ್ರ್ಯಾಮಿ ಪ್ರಶಸ್ತಿ ವೇದಿಕೆಯಲ್ಲಿ ಮೂವರೂ ಒಟ್ಟಿಗೆ ನಿಂತು, ತಂಡ ಮತ್ತೆ ಕೂಡಿತೆಂದು ಸಾರಿದರು.

ಇಲ್ಲಿಗೆ ಕಥೆ ಮುಗಿದಿದ್ದರೆ ಅದು ಸಿನಿಮಾ ಆಗುತ್ತಿತ್ತು. 2011ರ 'ನೇಬರ್‌ಹುಡ್ಸ್' ಧ್ವನಿಮುದ್ರಣವಾದ ರೀತಿ ನೋಡಿದರೆ ನೆರೆಹೊರೆ ಎಂಬ ಆ ಹೆಸರೇ ಅಣಕದಂತೆ ಕೇಳುತ್ತದೆ. ಡಿಲಾಂಜ್ ಹೆಚ್ಚಾಗಿ ಸ್ಯಾನ್ ಡಿಯಾಗೊದಲ್ಲಿ, ಉಳಿದಿಬ್ಬರು ಲಾಸ್ ಏಂಜಲೀಸ್‌ನಲ್ಲಿ ತಮ್ಮ ತಮ್ಮ ಪಾಲು ನುಡಿಸಿ ಕಳಿಸಿಕೊಂಡರು. ಅಪಘಾತ ಅವರನ್ನು ಒಂದೇ ವೇದಿಕೆಗೆ ತಂದಿತ್ತೇ ಹೊರತು ಒಂದೇ ಕೋಣೆಗಲ್ಲ. ಹಳೆಯ ಲೆಕ್ಕ ಹಾಗೆಯೇ ಬಾಕಿ ಇತ್ತು. 2015ರಲ್ಲಿ ಡಿಲಾಂಜ್ ಮತ್ತೆ ಹೊರಗುಳಿದ. ಅವನ ಜಾಗಕ್ಕೆ ಆಲ್ಕಲೈನ್ ಟ್ರಿಯೊ ತಂಡದ ಮ್ಯಾಟ್ ಸ್ಕಿಬಾ ಬಂದ. ಅವನೊಂದಿಗೆ ತಂದ 2016ರ 'ಕ್ಯಾಲಿಫೋರ್ನಿಯಾ' ಅಮೆರಿಕದ ಮಾರಾಟ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಡಿಲಾಂಜ್ ಇಲ್ಲದೆಯೂ ತಂಡ ನಡೆಯಿತು, ನಮ್ಮ ಮೇಳಗಳಂತೆಯೇ.

2021ರಲ್ಲಿ ಹಾಪಸ್‌ಗೆ ಕ್ಯಾನ್ಸರ್ ಕಾಣಿಸಿತು. ಚಿಕಿತ್ಸೆಯ ದಿನಗಳಲ್ಲಿ ಹಳೆಯ ಗೆಳೆಯರ ನಡುವೆ ಮಾತುಕತೆ ಬೆಳೆಯಿತು. ಈ ಸಲ ಮೊದಲು ಮನಸ್ತಾಪ ತೀರಿಸಿಕೊಂಡರು, ವಾದ್ಯ ಆಮೇಲೆ ಬಂತು. ಅದೇ ವರ್ಷ ಹಾಪಸ್ ಗುಣವಾದ. 2022ರ ಅಕ್ಟೋಬರ್ 11ರಂದು ಡಿಲಾಂಜ್ ಮರಳಿದ ಸುದ್ದಿ ಹೊರಬಿತ್ತು. ಒಂದು ವರ್ಷದ ಬಳಿಕ ಬಂದ 'ಒನ್ ಮೋರ್ ಟೈಮ್' ಧ್ವನಿಸುರುಳಿಯನ್ನು ಬಾರ್ಕರ್‌ನೇ ನಿರ್ಮಿಸಿದ್ದ. ಅದರ ಶೀರ್ಷಿಕೆ ಗೀತೆ ಅಪಘಾತ, ಕಾಯಿಲೆ ಎರಡನ್ನೂ ನೆನೆಯುತ್ತದೆ. ಇದೂ ಮಾರಾಟದಲ್ಲಿ ಮೊದಲ ಸ್ಥಾನಕ್ಕೆ ಬಂತು.

ಏಳು ವರ್ಷ ತಂಡ ಸಾಗಿಸಿದ ಸ್ಕಿಬಾ ಈ ಸಂಭ್ರಮದಲ್ಲಿ ಮರೆತೇ ಹೋಗಬಹುದಿತ್ತು. ಡಿಲಾಂಜ್ ಮರೆಯಲಿಲ್ಲ. ತಾನಿಲ್ಲದ ಕಾಲದಲ್ಲಿ ತಂಡವನ್ನು ಉಳಿಸಿದ್ದಕ್ಕಾಗಿ ಅವನಿಗೆ ಬರೆದ ಕೃತಜ್ಞತೆಯ ಪತ್ರವನ್ನು ಅದೇ ಅಕ್ಟೋಬರಿನಲ್ಲಿ ಬಹಿರಂಗವಾಗಿಯೇ ಪ್ರಕಟಿಸಿದ.